ಕಲ್ಲು ಕೆಡವಿದವರ ಕೈಯಿಂದಲೇ ಕಲ್ಲು ಎತ್ತಿಸಿ



ಹಳೆಯ ಕನ್ನಡ ದಾನಶಾಸನಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತೆ. ಈ ದತ್ತಿಯನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆ ಹಸುಗಳನ್ನು ಕೊಂದ ಪಾಪ ತಟ್ಟಲಿ ಅಂತ. ಆಗ ಠಾಣೆ ಇರಲಿಲ್ಲ, ಸಿಸಿಟಿವಿ ಇರಲಿಲ್ಲ. ನೂರಾರು ವರ್ಷ ಆಚೆ ಬರುವವನ ಕೈ ತಡೆಯೋಕೆ ಬರೆಸಿದವರ ಹತ್ತಿರ ಇದ್ದದ್ದು ಆ ಒಂದು ಮಾತು. ಈಗ ಅಂಥ ಕಲ್ಲುಗಳ ಮೇಲೇ ಮೊಳೆಯಲ್ಲಿ ಹೆಸರು ಗೀಚಿ, ಪಕ್ಕಕ್ಕೊಂದು ಹೃದಯ ಬಿಡಿಸಿ, ಸೆಲ್ಫಿ ತೆಗೆದುಕೊಂಡು ಹೋಗುತ್ತಾರೆ. ಓದೋಕೆ ಬಂದರೆ ತಾನೇ ಶಾಪಕ್ಕೆ ಹೆದರೋದು?

ಹಾಗಾದರೆ ಇಂಥವರಿಗೆ ಶಿಕ್ಷೆ ಏನು? ನಮ್ಮ ಮಟ್ಟಿಗೆ ಇದು ಬರೀ ಪ್ರವಾಸಿ ತಾಣದ ಸ್ವಚ್ಛತೆಯ ಪ್ರಶ್ನೆ ಅಲ್ಲ. "ನೀವು ಇಲ್ಲಿಗೆ ಯಾವಾಗ ಬಂದಿರಿ?" ಅನ್ನೋ ಮಾತನ್ನು ಗಡಿಯಾಚೆ ಹುಟ್ಟಿದ ನಾವೆಲ್ಲ ಒಂದಲ್ಲ ಒಂದು ಸಲ ಕೇಳಿಸಿಕೊಂಡವರೇ. ಅದಕ್ಕೆ ನಾವು ಬಾಯಿಬಿಟ್ಟು ಉತ್ತರ ಕೊಡಬೇಕಿಲ್ಲ, ಕಲ್ಲು ಕೊಡುತ್ತೆ. ಮಡಕಶಿರಾ ಸೀಮೆಯ ಹೇಮಾವತಿ, ಅಂದರೆ ನೊಳಂಬರ ರಾಜಧಾನಿ ಹೆಂಜೇರು, ಕೊಡುತ್ತೆ. ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಕೊಡುತ್ತೆ. ಹೊಸೂರು ಕಡೆಯ ಹೊಲದ ಬದುಗಳಲ್ಲಿ ನಿಂತ ವೀರಗಲ್ಲುಗಳು ಕೊಡುತ್ತವೆ. ಮನೆ ಪತ್ರ ಕಳೆದರೆ ನಕಲು ಸಿಕ್ಕೀತು. ಕಲ್ಲಿನ ಒಂದು ಅಕ್ಷರ ಹೋದರೆ ಅದಕ್ಕೆ ನಕಲು ಕೊಡುವ ಕಚೇರಿ ಎಲ್ಲೂ ಇಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ ಇದೆ. ಹಾಳು ಮಾಡಿದವರಿಗೆ ಮೊದಲು ಮೂರು ತಿಂಗಳ ಜೈಲು ಅಥವಾ 5 ಸಾವಿರ ರೂಪಾಯಿ ದಂಡ ಅಂತ ಇತ್ತು. 2010ರ ತಿದ್ದುಪಡಿ ಅದನ್ನು ಎರಡು ವರ್ಷದವರೆಗಿನ ಜೈಲು, 1 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಅಂತ ಏರಿಸಿತು. ಕಾಗದದಲ್ಲಿ ಇದು ಕಮ್ಮಿಯೇನಲ್ಲ. ಆದರೆ ಲಕ್ಷ ರೂಪಾಯಿ ಕೆಲವರಿಗೆ ಒಂದು ಫೋನಿನ ಬೆಲೆ. ಕಟ್ಟಿ ಕೈ ತೊಳೆದುಕೊಂಡು ಹೋಗುತ್ತಾರೆ. ಇನ್ನು ಕೆಲವರಿಗೆ ಅದು ಮನೆ ಮುಳುಗಿಸುವ ಮೊತ್ತ. ಇಬ್ಬರಿಗೂ ತಾವು ಮಾಡಿದ್ದೇನು ಅನ್ನೋದು ಮಾತ್ರ ಗೊತ್ತಾಗೋದಿಲ್ಲ.

ನಮ್ಮ ಕಣ್ಣಿಗೆ ಸರಿ ಕಂಡ ಶಿಕ್ಷೆ 2019ರ ಫೆಬ್ರವರಿಯಲ್ಲಿ ಹಂಪಿಯಲ್ಲಿ ಆಯಿತು. ಆನೆಲಾಯದ ಹಿಂದಿರುವ ವಿಷ್ಣು ದೇವಸ್ಥಾನದ ಆವರಣದಲ್ಲಿ ಯುವಕರು ಕಂಬ ತಳ್ಳಿ ಬೀಳಿಸುವ ವಿಡಿಯೊ ದೇಶವೆಲ್ಲ ಹರಿದಾಡಿತು. ನಾಲ್ವರು ಸಿಕ್ಕಿಬಿದ್ದರು. ಹೊಸಪೇಟೆಯ ನ್ಯಾಯಾಲಯ ತಲಾ 70 ಸಾವಿರ ರೂಪಾಯಿ ದಂಡ ಹಾಕಿದ್ದಷ್ಟೇ ಅಲ್ಲ, ಬಿದ್ದ ಕಂಬವನ್ನು ಅವರೇ ಎತ್ತಿ ನಿಲ್ಲಿಸಬೇಕು ಅಂತ ಹೇಳಿತು. ಪುರಾತತ್ವ ಇಲಾಖೆಯವರ ಎದುರಲ್ಲೇ ಅವರು ಆ ಕಲ್ಲು ಎತ್ತಿ ನಿಲ್ಲಿಸಿದರು. ಬೀಳಿಸೋಕೆ ಅರೆಗಳಿಗೆ ಸಾಕಾಗಿತ್ತು. ನಿಲ್ಲಿಸೋಕೆ ಎಷ್ಟು ಬೆವರು ಬೇಕು ಅನ್ನೋದು ಅವರ ಮೈಗೇ ಗೊತ್ತಾಯಿತು. ಯಾವ ರಸೀದಿಯೂ ಆ ಪಾಠ ಹೇಳಿಕೊಡೋದಿಲ್ಲ.

ಆದರೆ ಹೀಗೆ ಕೆಲಸ ಮಾಡಿಸುವುದು ನಿಯಮ ಆಗಿಲ್ಲ, ನ್ಯಾಯಾಧೀಶರ ವಿವೇಕಕ್ಕೆ ಬಿಟ್ಟ ಮಾತಾಗಿದೆ. 2024ರ ಜುಲೈನಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಸಮುದಾಯ ಸೇವೆ ಅನ್ನೋ ಶಿಕ್ಷೆ ಸೇರಿದೆ, ಅದೂ ಬೆರಳೆಣಿಕೆಯ ಸಣ್ಣ ಅಪರಾಧಗಳಿಗೆ ಮಾತ್ರ. ನಮ್ಮ ಒತ್ತಾಯ ಇಷ್ಟೇ: ಸ್ಮಾರಕ ಕಾಯ್ದೆಗೂ ಅದನ್ನು ಸೇರಿಸಿ. ಗೀಚಿದವನು ಅದೇ ಜಾಗಕ್ಕೆ ತಿಂಗಳುಗಟ್ಟಲೆ ಬಂದು ಕಳೆ ಕೀಳಲಿ, ಕಸ ಗುಡಿಸಲಿ, ಬಂದವರಿಗೆ "ಮುಟ್ಟಬೇಡಿ" ಅಂತ ಹೇಳುತ್ತಾ ಬಾಗಿಲಲ್ಲಿ ನಿಲ್ಲಲಿ. ಗೀರು ಸರಿಪಡಿಸುವ ಕೆಲಸ ಮಾತ್ರ ತಿಳಿದವರದ್ದು, ಅದರ ಖರ್ಚು ಅವನದ್ದು.

ಶಿಕ್ಷೆ ಹೇಗಿರಬಾರದು ಅನ್ನೋದನ್ನೂ ಹೇಳಿಬಿಡೋಣ. 2013ರಲ್ಲಿ ಈಜಿಪ್ಟಿನ ಲಕ್ಸರ್ ದೇವಾಲಯದ ಉಬ್ಬುಶಿಲ್ಪದ ಮೇಲೆ ಚೀನಾದ ಹುಡುಗನೊಬ್ಬ ಹೆಸರು ಗೀಚಿದ್ದ. ಜಾಲತಾಣದ ಜನ ಅವನ ಊರು, ಶಾಲೆ ಎಲ್ಲ ಹುಡುಕಿ ತೆಗೆದು ಬೆನ್ನು ಹತ್ತಿದರು. ಅಪ್ಪ ಅಮ್ಮ ಕ್ಷಮೆ ಕೇಳಬೇಕಾಯಿತು. ಅಷ್ಟಾದರೂ ಕಲ್ಲಿನ ಗೀರು ಜಾಲತಾಣದ ಬೈಗುಳದಿಂದ ಮಾಸಲಿಲ್ಲ. ಹಿಡಿದು ಬಡಿಯೋದು, ಮುಖ, ಫೋನ್ ನಂಬರ್ ಹಾಕಿ ಹರಿಬಿಡೋದು ನಮ್ಮ ಕೆಲಸ ಅಲ್ಲ. ವಿಡಿಯೊ ಪೊಲೀಸರಿಗೆ ಕೊಡಿ.

ಇನ್ನೊಂದು ಮಾತು. ಬೇಕಲದ ಮುರಕಲ್ಲಿನ ಗೋಡೆ ಮೆತ್ತಗಿನದು, ಕೀಲಿಕೈ ತಾಗಿದರೂ ಗೀರು ಬೀಳುತ್ತೆ. ಅಲ್ಲಿ ಹೆಸರನ್ನು ಮಲಯಾಳದಲ್ಲಿ ಗೀಚಿದರೆ ಅನ್ಯಾಯ, ಕನ್ನಡದಲ್ಲಿ ಗೀಚಿದರೆ ಅಭಿಮಾನ ಅನ್ನೋ ಲೆಕ್ಕ ಇಲ್ಲ. "ಜೈ ಕನ್ನಡ" ಅಂತ ಬಣ್ಣದಲ್ಲಿ ಬರೆದರೂ ಅದು ಹಾಳು ಮಾಡಿದ್ದೇ. ಕೆಡಿಸಿದವನ ಭಾಷೆ ಕೇಳಬೇಡಿ, ಕೆಲಸ ನೋಡಿ. ಕಲ್ಲುಗಳಿಗೂ ಇಂಥ ಜಗಳ ಗೊತ್ತಿಲ್ಲ. ಕರೀಂನಗರ ಜಿಲ್ಲೆಯ ಕುರಿಕ್ಯಾಲದ ಬಂಡೆಶಾಸನ ಪಂಪನ ತಮ್ಮ ಜಿನವಲ್ಲಭ ಬರೆಸಿದ್ದು. ಆದಿಕವಿಯ ಮನೆತನದ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿ ಬಂದದ್ದು ಅಲ್ಲಿಂದ. ಅದೇ ಬಂಡೆಯ ಮೇಲೆ ಸಂಸ್ಕೃತ ಇದೆ, ತೆಲುಗಿನ ಕಂದಪದ್ಯಗಳೂ ಇವೆ. ಅದಕ್ಕೆ ಏಟು ಬಿದ್ದರೆ ತೆಲುಗಿನವರ ಮನೆಗೂ ನಮ್ಮ ಮನೆಗೂ ಒಂದೇ ನಷ್ಟ. ಅವರನ್ನು ಜೊತೆಗೆ ಕರೆದುಕೊಂಡೇ ಅದನ್ನು ಕಾಯಬೇಕು.

ದೊಡ್ಡ ತೊಡಕು ಇರುವುದು ಬೇರೆ ಕಡೆ. ಇಡೀ ದೇಶದಲ್ಲಿ ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕಗಳು ಸುಮಾರು 3,700. ರಾಜ್ಯಗಳ ಪಟ್ಟಿ ಬೇರೆ ಇದೆ. ನಮ್ಮ ಊರಾಚೆಯ ವೀರಗಲ್ಲು, ಕೆರೆ ಏರಿಯ ಶಾಸನಗಳಲ್ಲಿ ಎಷ್ಟೋ ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿ ಇಲ್ಲದ ಕಲ್ಲಿಗೆ ಆ ಎರಡು ವರ್ಷ ಜೈಲಿನ ಕಾಯ್ದೆ ಅನ್ವಯಿಸೋದೇ ಇಲ್ಲ. ಅಲ್ಲಿ ಶಿಕ್ಷೆಗಿಂತ ಮೊದಲು ಸಾಕ್ಷಿ ಬೇಕು. ಆ ಸಾಕ್ಷಿ ಒದಗಿಸೋದು ಗಡಿ ತಾಲ್ಲೂಕಿನ ಹುಡುಗ ಹುಡುಗಿಯರಿಗೆ ಆಗುವಷ್ಟು ಸಲೀಸಾಗಿ ಇನ್ಯಾರಿಗೂ ಆಗದು. ಶಾಸನದ ಕನ್ನಡ ಅಕ್ಷರ ಗುರುತಿಸೋದೂ ನಮಗೆ ಗೊತ್ತು, ಅಲ್ಲಿನ ಅಧಿಕಾರಿಗೆ ಮಲಯಾಳ, ತಮಿಳು, ತೆಲುಗು, ಮರಾಠಿ, ಕೊಂಕಣಿಯಲ್ಲಿ ದೂರು ಬರೆದುಕೊಡೋದೂ ಗೊತ್ತು. ಎರಡು ಭಾಷೆ ನಮಗೆ ಹೊರೆ ಅಂತ ಹೇಳುವವರಿಗೆ ಇದನ್ನು ತೋರಿಸೋಣ.

ಮಾಡಬೇಕಾದ್ದು ಇಷ್ಟು. ನಿಮ್ಮೂರ ಕಲ್ಲಿನ ಫೋಟೊ ಇವತ್ತೇ ತೆಗೆದಿಡಿ, ಜಾಗ ಗುರುತಿಸಿ, ದಿನಾಂಕ ಬರೆಯಿರಿ. ಅಕ್ಷರ ಎದ್ದು ಕಾಣಲಿ ಅಂತ ಹಿಟ್ಟು, ಸುಣ್ಣ, ಎಣ್ಣೆ ಏನನ್ನೂ ಬಳಿಯಬೇಡಿ. ಸಂಜೆ ಹೊತ್ತು ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಸವೆದ ಅಕ್ಷರವೂ ಕಾಣುತ್ತೆ. ಆ ಫೋಟೊ ಜೊತೆ ಪಂಚಾಯ್ತಿಗೆ, ರಾಜ್ಯ ಪುರಾತತ್ವ ಇಲಾಖೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಯಾರಾದರೂ ಕೆಡಿಸುತ್ತಿರುವುದು ಕಂಡರೆ 112ಕ್ಕೆ ಕರೆ ಮಾಡಿ. "ಈ ಗೀರು ಮೊದಲೇ ಇತ್ತು" ಅಂತ ಕೆಡಿಸಿದವನು ವಾದಿಸಿದ ದಿನ ನಿಮ್ಮ ಹಳೆಯ ಫೋಟೊವೇ ಉತ್ತರ.

ನಿಮ್ಮೂರ ಶಾಸನ, ವೀರಗಲ್ಲಿನ ಫೋಟೊ, ಊರಿನ ಹೆಸರಿನ ಜೊತೆ ಕೆಳಗೆ ಹಾಕಿ. ಯಾವುದು ಯಾರ ಪಟ್ಟಿಯಲ್ಲಿದೆ, ಯಾವುದು ಇಲ್ಲ ಅನ್ನೋದನ್ನು ಒಟ್ಟಿಗೆ ಕೂತು ನೋಡೋಣ.