ಎಣಿಸಿದರೆ ಸಾಲದು, ಆಲಿಸಬೇಕು

ಪ್ರಜೆಗಳ ಇಚ್ಛೆಯೇ ಪ್ರಭುವಾಗಿರುವ ವ್ಯವಸ್ಥೆ ಪ್ರಜಾಪ್ರಭುತ್ವವೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತವರು. ಆದರೆ ಆ ಇಚ್ಛೆಯನ್ನು ಕೇಳಿದವರಾರು, ಸಕಾಲದಲ್ಲಿ ಕೇಳಿದರೇ, ಕೇಳಿದ ಮೇಲೆ ಅದಕ್ಕೆ ಬೆಲೆಕೊಟ್ಟು ನಡೆದರೇ ಎಂಬ ಮೂರು ಪ್ರಶ್ನೆಗಳನ್ನು ನಾವು ನಮಗೆ ಹಾಕಿಕೊಳ್ಳುವುದು ವಿರಳ. ಈ ಪ್ರಶ್ನೆಗಳು ರಾಜಕಾರಣಿಗಳಿಗೆ ಮಾತ್ರ ಸಂಬಂಧಿಸಿದವು, ಧರ್ಮಾಸಕ್ತರಾದ ಗೃಹಸ್ಥರಿಗೆ ಇವುಗಳಿಂದ ಆಗಬೇಕಾದುದೇನು ಎಂದು ಕೆಲವರು ಭಾವಿಸಬಹುದು. ಅನ್ಯರ ಅಭಿಪ್ರಾಯದಲ್ಲಿಯೂ ಸತ್ಯದ ಅಂಶವುಂಟೆಂದು ಸಾರಿದ ಪರಂಪರೆಗೆ ಸೇರಿದ ನಾವು ಹಾಗೆ ಭಾವಿಸುವುದು ಸಲ್ಲದೆಂಬುದೇ ಈ ಲೇಖನದ ನಿವೇದನೆ.

ದಶಲಕ್ಷಣ ಪರ್ವದ ಒಂದು ಸಂಜೆ ಕಾಡುಗೋಡಿಯ ಬಂಧುಗಳೊಬ್ಬರ ಮನೆಯಲ್ಲಿ, ಸೂರ್ಯಾಸ್ತದೊಳಗೆ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದಾಗ ಮಾತು ಈ ಕಡೆಗೆ ಹೊರಳಿತು. ಜರ್ಮನಿಯಲ್ಲಿ ಕೆಲವು ವರ್ಷ ಇಂಜಿನಿಯರಾಗಿ ದುಡಿದು ಬಂದ ತರುಣನೊಬ್ಬ, "ಮಾವ, ಅಲ್ಲಿ ಒಂದೊಂದು ಮತಕ್ಕೂ ಬೆಲೆಯುಂಟು. ಜನರಿಗೆ ಏನು ಬೇಕೋ ಅದೇ ಆಗುತ್ತದೆ. ನಮ್ಮದು ಬರಿಯ ಜಾತ್ರೆ" ಎಂದ. ಅಲ್ಲಿಯೇ ಇದ್ದ ಅಂಗಡಿಯ ಯಜಮಾನರೊಬ್ಬರು ನಕ್ಕು, "ನನ್ನನ್ನು ಕೇಳಿದರೆ ಕಾರ್ಪೊರೇಟರುಗಳಿಲ್ಲದ ಐದು ವರ್ಷವೇ ಚೆನ್ನಾಗಿತ್ತಪ್ಪ. ಕೈಚಾಚುವವರಲ್ಲಿ ಒಬ್ಬರು ಕಡಿಮೆಯಾಗಿದ್ದರು" ಎಂದರು. ಕುಳಿತವರೆಲ್ಲರೂ ಇಬ್ಬರ ಮಾತಿಗೂ ತಲೆದೂಗಿದರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಮೊದಲನೆಯದು ದೂರದ ಬೆಟ್ಟ ನುಣ್ಣಗೆಂಬ ಭ್ರಮೆ. ಎರಡನೆಯದು ಅದಕ್ಕಿಂತಲೂ ಅಪಾಯಕರವಾದ ನಿರಾಶೆ.

ಮೊದಲು ಯುರೋಪಿನ ಮಾತು. ಅಲ್ಲಿಯ ಸಂಸ್ಥೆಗಳ ಶಿಸ್ತನ್ನು ಅಲ್ಲಗಳೆಯಲಾಗದು. ಚುನಾವಣೆ ಹೊತ್ತಿಗೆ ಸರಿಯಾಗಿ ನಡೆಯುತ್ತದೆ, ಸೋತವರು ಮನೆಗೆ ಹೋಗುತ್ತಾರೆ. ಆದರೆ "ಜನರಿಗೆ ಏನು ಬೇಕೋ ಅದೇ ಆಗುತ್ತದೆ" ಎಂಬುದು ಸತ್ಯವಲ್ಲ. ಬ್ರಿಟನ್ನಿನಲ್ಲಿ 2024ರ ಜುಲೈ ತಿಂಗಳ ಚುನಾವಣೆಯಲ್ಲಿ ಲೇಬರ್ ಪಕ್ಷಕ್ಕೆ ಬಿದ್ದ ಮತ ನೂರಕ್ಕೆ ಸುಮಾರು 34. ದೊರೆತ ಸ್ಥಾನಗಳು 650ರಲ್ಲಿ 411. ಮತ ಹಾಕಿದವರಲ್ಲಿ ಮೂರರಲ್ಲಿ ಇಬ್ಬರು ಬೇಡವೆಂದ ಪಕ್ಷ ಮೂರರಲ್ಲಿ ಎರಡು ಪಾಲಿನಷ್ಟು ಸ್ಥಾನಗಳನ್ನು ಪಡೆಯಿತು. ತರುಣನು ಕೊಂಡಾಡಿದ ಜರ್ಮನಿಯಲ್ಲಿ ಮತಕ್ಕೆ ತಕ್ಕ ಪ್ರಮಾಣದಲ್ಲಿ ಸ್ಥಾನ ಹಂಚುವ ಪದ್ಧತಿಯಿದೆ ನಿಜ. ಆದರೆ ನೂರಕ್ಕೆ ಐದರ ಹೊಸ್ತಿಲನ್ನು ದಾಟದ ಪಕ್ಷಕ್ಕೆ ಸಾಮಾನ್ಯವಾಗಿ ಪಾಲಿಲ್ಲ. 2025ರ ಫೆಬ್ರವರಿಯಲ್ಲಿ ಒಂದು ಪಕ್ಷ ನೂರಕ್ಕೆ 4.98 ಮತ ಪಡೆದು ಹೊಸ್ತಿಲಲ್ಲೇ ಉಳಿಯಿತು. ಇಪ್ಪತ್ತು ಲಕ್ಷಕ್ಕೂ ಮೀರಿದ ಮತದಾರರ ಮಾತಿಗೆ ಆ ಸಭೆಯಲ್ಲಿ ಒಂದು ಕುರ್ಚಿಯೂ ದೊರೆಯಲಿಲ್ಲ.

ಇದಕ್ಕಿಂತ ವಿಚಾರಾರ್ಹವಾದ ಪ್ರಸಂಗ ಯುರೋಪಿನ ಸಂವಿಧಾನದ್ದು. ಒಕ್ಕೂಟಕ್ಕೆ ಸಂವಿಧಾನವೊಂದು ಬೇಕೇ ಎಂದು 2005ರ ಮೇ 29ರಂದು ಫ್ರಾನ್ಸಿನ ಜನರನ್ನು ಕೇಳಲಾಯಿತು. ನೂರಕ್ಕೆ ಸುಮಾರು 55 ಮಂದಿ ಬೇಡವೆಂದರು. ಮೂರು ದಿನಗಳ ಅನಂತರ ನೆದರ್ಲೆಂಡ್ಸಿನ ಜನರೂ ಇನ್ನೂ ದೊಡ್ಡ ಬಹುಮತದಿಂದ ಬೇಡವೆಂದರು. ಆದರೆ ಅದರ ಬಹುಪಾಲು ಅಂಶಗಳು 2007ರ ಡಿಸೆಂಬರಿನಲ್ಲಿ ಲಿಸ್ಬನ್ ಒಪ್ಪಂದವೆಂಬ ಹೆಸರಿನಿಂದ ಮರಳಿ ಬಂದವು. ಈ ಬಾರಿ ಆ ಎರಡು ದೇಶಗಳಲ್ಲಿಯೂ ಜನರನ್ನು ಕೇಳಲಿಲ್ಲ, ಸಂಸತ್ತುಗಳೇ ಒಪ್ಪಿಗೆಯಿತ್ತವು. ಐರ್ಲೆಂಡು ಮಾತ್ರ ಜನರನ್ನು ಕೇಳಿತು. 2008ರಲ್ಲಿ ಅವರು ಬೇಡವೆಂದರು. ಕೆಲವು ಭರವಸೆಗಳನ್ನಿತ್ತು 2009ರಲ್ಲಿ ಮತ್ತೊಮ್ಮೆ ಕೇಳಿದಾಗ ಬೇಕೆಂದರು. ಬೇಕೆಂದ ಮೇಲೆ ಮೂರನೆಯ ಬಾರಿ ಯಾರೂ ಕೇಳಲಿಲ್ಲ! ಜನರ "ಆಗಲಿ" ಎಂಬ ಮಾತು ಅಂತಿಮ, "ಬೇಡ" ಎಂಬ ಮಾತು ತಾತ್ಕಾಲಿಕ ಎಂದಾದರೆ ಅದನ್ನು ಆಲಿಸುವುದೆನ್ನಲಾದೀತೆ?

ಆದ್ದರಿಂದ ಯುರೋಪಿನ ಪ್ರಜಾಪ್ರಭುತ್ವಗಳು ಜನೇಚ್ಛೆಯ ಶುದ್ಧ ಕನ್ನಡಿಗಳಲ್ಲ. ಕನ್ನಡಿಯಲ್ಲಿ ಬಿರುಕುಗಳಿವೆ. ಆದರೂ ಒಂದು ಮಾತನ್ನು ನ್ಯಾಯವಾಗಿ ಒಪ್ಪಬೇಕು: ಅಲ್ಲಿ ಕನ್ನಡಿಯನ್ನು ಗೋಡೆಯಿಂದ ಕಳಚಿ ಇಟ್ಟಿಲ್ಲ. ನಮ್ಮ ಕಾಡುಗೋಡಿಯಲ್ಲಿ ನಡೆದದ್ದು ಅದೇ.

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಅದರ ಮೂಲಕ ಬಂದ 243-ಯು ವಿಧಿಯ ಪ್ರಕಾರ ನಗರಾಡಳಿತ ಸಂಸ್ಥೆಯ ಅವಧಿ ಐದು ವರ್ಷ. ಅದು ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರಬೇಕು. ಇದು ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯವೂ 2006ರಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಕೊನೆಗೆ ಬೆಂಗಳೂರು ಮಹಾನಗರ ಪಾಲಿಕೆಯ ಸಭೆಯ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚಿನಲ್ಲಿ. ನಡುವೆ 2007ರಲ್ಲಿ ಏಳು ನಗರಸಭೆಗಳನ್ನೂ ಒಂದು ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಕಾಡುಗೋಡಿ ಅದರ 198 ವಾರ್ಡುಗಳಲ್ಲಿ 83ನೆಯದಾಯಿತು.

2015ರ ಆಗಸ್ಟಿನಲ್ಲಿ ಎರಡನೆಯ ಚುನಾವಣೆ ನಡೆಯಿತು. ಒಂದು ಪಕ್ಷ 198ರಲ್ಲಿ 100 ಸ್ಥಾನ ಗೆದ್ದಿತು. ಆದರೂ ಶಾಸಕರು, ಸಂಸದರು, ವಿಧಾನ ಪರಿಷತ್ತಿನ ಸದಸ್ಯರು ಮೇಯರ್ ಚುನಾವಣೆಯಲ್ಲಿ ಮತ ಹಾಕಬಹುದೆಂಬ ನಿಯಮದ ಬಲದಿಂದ ಮೇಯರ್ ಸ್ಥಾನ ಬೇರೆ ಪಕ್ಷಗಳ ಮೈತ್ರಿಗೆ ಹೋಯಿತು. ಯಾವ ಪಕ್ಷಕ್ಕೆ ಲಾಭವಾಯಿತೆಂಬುದು ನಮ್ಮ ಚರ್ಚೆಯಲ್ಲ. ಕಾನೂನು ಇದಕ್ಕೆ ಅವಕಾಶವಿತ್ತಿತ್ತು. ಆದರೆ ವಾರ್ಡಿನ ಮತದಾರನು ಆರಿಸದವರು ಅವನ ಮೇಯರನ್ನು ಆರಿಸುವುದು ಯಾವ ಬಗೆಯ ಜನೇಚ್ಛೆ ಎಂದು ಕೇಳುವ ಹಕ್ಕು ನಮಗಿದೆ.

ಆ ಸಭೆಯ ಅವಧಿ 2020ರ ಸೆಪ್ಟೆಂಬರ್ 10ರಂದು ಮುಗಿಯಿತು. ಕೊನೆಯ ಮೇಯರ್ ಎಂ. ಗೌತಮ್ ಕುಮಾರ್ ಅವರು ನಿರ್ಗಮಿಸಿದ ಮೇಲೆ ಆಡಳಿತಾಧಿಕಾರಿ ಬಂದರು. ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಚುನಾವಣೆ ನಡೆಸಿರೆಂದಿತು. ಸರ್ವೋಚ್ಚ ನ್ಯಾಯಾಲಯ ಅದಕ್ಕೆ ತಡೆಯಿತ್ತಿತು. ವಾರ್ಡುಗಳ ಸಂಖ್ಯೆಯನ್ನು 198ರಿಂದ 243ಕ್ಕೆ ಏರಿಸಿದರು, ಬಳಿಕ 225ಕ್ಕೆ ಇಳಿಸಿದರು. ಮೀಸಲಾತಿ ಪಟ್ಟಿಯನ್ನು ಮಾಡಿದರು, ಅದನ್ನು 2022ರಲ್ಲಿ ಉಚ್ಚ ನ್ಯಾಯಾಲಯ ರದ್ದುಪಡಿಸಿತು. 2023ರಲ್ಲಿ ರಾಜ್ಯದ ಆಡಳಿತ ಪಕ್ಷ ಬದಲಾಯಿತು, ನೆಪ ಬದಲಾಗಲಿಲ್ಲ. ಕೊನೆಗೆ 2025ರ ಸೆಪ್ಟೆಂಬರ್ 2ರಂದು ಪಾಲಿಕೆಯನ್ನೇ ಐದಾಗಿ ಒಡೆಯಲಾಯಿತು. ಕಾಡುಗೋಡಿ ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಹಳೆಯ ಪಾಲಿಕೆ ತನ್ನ ಕೊನೆಯ ಐದು ವರ್ಷಗಳನ್ನು, ಅಂದರೆ ಒಂದು ಸಭೆಯ ಪೂರ್ಣಾಯುಷ್ಯವನ್ನು, ಚುನಾಯಿತ ಸದಸ್ಯರಿಲ್ಲದೆ ಕಳೆದು ಕಣ್ಮುಚ್ಚಿತು. ಹೊಸ ಐದೂ ಚುನಾಯಿತ ಸದಸ್ಯರಿಲ್ಲದೆಯೇ ಹುಟ್ಟಿದವು.

"ಅದರಿಂದ ನಷ್ಟವೇನಾಯಿತು?" ಎಂಬುದು ಅಂಗಡಿಯ ಯಜಮಾನರ ಪ್ರಶ್ನೆ. ವ್ಯಾಪಾರಿಗಳಾದ ಅವರಿಗೆ ಲೆಕ್ಕದಲ್ಲಿಯೇ ಉತ್ತರ ಹೇಳೋಣ. 2025-26ರ ಪಾಲಿಕೆಯ ಆಯವ್ಯಯ 19,900 ಕೋಟಿ ರೂಪಾಯಿಗಳಿಗೂ ಮಿಗಿಲು. ಅಷ್ಟು ಹಣ ಯಾವ ರಸ್ತೆಗೆ, ಯಾವ ಸುರಂಗಕ್ಕೆ, ಯಾವ ಚರಂಡಿಗೆ ಹೋಗಬೇಕೆಂಬುದನ್ನು ನಗರದ ಜನ ಆರಿಸಿದ ಒಬ್ಬ ಪಾಲಿಕೆ ಸದಸ್ಯನೂ ಚರ್ಚಿಸಲಿಲ್ಲ. ಅದೇ ವರ್ಷದ ಏಪ್ರಿಲಿನಿಂದ ಆಸ್ತಿ ತೆರಿಗೆಯೊಂದಿಗೆ ಕಸದ ಶುಲ್ಕವೂ ಸೇರಿತು. ಶುಲ್ಕ ನ್ಯಾಯವೋ ಅನ್ಯಾಯವೋ ಬೇರೆ ಮಾತು; ವಿಧಿಸುವ ಮುನ್ನ ತೆರುವವನ ಪ್ರತಿನಿಧಿಯನ್ನು ಕೇಳಬೇಕಿತ್ತು. ತಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಪಾಲುದಾರನೊಬ್ಬನು ಕೇಳದೆ ಹತ್ತು ರೂಪಾಯಿ ತೆಗೆದರೆ ಯಜಮಾನರು ಸುಮ್ಮನಿರುವರೇ?

2024ರ ಬೇಸಿಗೆಯನ್ನು ನೆನೆಯೋಣ. ಕಾಡುಗೋಡಿ, ವೈಟ್‌ಫೀಲ್ಡ್ ಸುತ್ತಲಿನ ಕೊಳವೆಬಾವಿಗಳು ಬತ್ತಿ ಟ್ಯಾಂಕರ್ ನೀರಿನ ಬೆಲೆ ಗಗನಕ್ಕೇರಿತು. ಮಾರ್ಚಿನಲ್ಲಿ ಜಿಲ್ಲಾಡಳಿತವೇ ಟ್ಯಾಂಕರ್ ದರವನ್ನು ನಿಗದಿಪಡಿಸಬೇಕಾಯಿತು. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಯೋಜಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರಿಸಿಕೊಂಡ ಹದಿನೇಳು ವರ್ಷಗಳ ಮೇಲೆ. ಆ ಬೇಸಿಗೆಯಲ್ಲಿ ಕೊಡ ಹಿಡಿದು ನಿಂತ ಗೃಹಿಣಿ ಯಾರ ಮನೆಯ ಬಾಗಿಲು ತಟ್ಟಬೇಕಿತ್ತು? ಶಾಸಕರಿದ್ದರಲ್ಲ ಎನ್ನಬಹುದು. ಕಾಡುಗೋಡಿಯನ್ನೊಳಗೊಂಡ ಮಹದೇವಪುರ ಕ್ಷೇತ್ರದಲ್ಲಿ 2024ರ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಮತದಾರರಿದ್ದರು. ಆರು ಲಕ್ಷ ಜನರಿಗೆ ಒಂದು ಬಾಗಿಲು ಸಾಲದು. ಕೈಚಾಚುವ ಕಾರ್ಪೊರೇಟರನು ದೋಷಿ ನಿಜ. ಆದರೆ ಅವನನ್ನು ಐದು ವರ್ಷಕ್ಕೊಮ್ಮೆ ಮನೆಗೆ ಕಳುಹಿಸಬಹುದು. ಆಡಳಿತಾಧಿಕಾರಿ ಪ್ರಾಮಾಣಿಕನಾಗಿದ್ದರೂ ಅವನನ್ನು ಕರೆಸಿ ಕೇಳುವ ಅಧಿಕಾರ ವಾರ್ಡಿನ ಜನಕ್ಕಿಲ್ಲ. ರೋಗಿಗೆ ಕಹಿಯೆಂದು ಔಷಧವನ್ನೇ ನಿಲ್ಲಿಸುವುದು ಚಿಕಿತ್ಸೆಯಲ್ಲ.

ಹಾಗಾದರೆ ಚುನಾವಣೆ ನಡೆದುಬಿಟ್ಟರೆ ಜನೇಚ್ಛೆ ಪೂರ್ಣವಾಯಿತೇ? ಇಲ್ಲ. ಇಲ್ಲಿಯೇ ನಮ್ಮ ದರ್ಶನ ನೆರವಿಗೆ ಬರುತ್ತದೆ. ಯಾವ ಒಂದು ನಯವೂ ವಸ್ತುವಿನ ಪೂರ್ಣ ಸ್ವರೂಪವನ್ನು ಹೇಳಲಾರದೆಂಬುದು ಅನೇಕಾಂತ. ಬಹುಮತವೂ ಒಂದು ನಯವೇ. ನೂರರಲ್ಲಿ ಐವತ್ತೊಂದು ಮಂದಿ ಹೇಳಿದ್ದು ಸತ್ಯದ ಒಂದು ಮುಖ. ಉಳಿದ ನಲವತ್ತೊಂಬತ್ತು ಮಂದಿಯ ಮಾತು ಸುಳ್ಳಾಗುವುದಿಲ್ಲ. ನೇರ ಮತದಾನಕ್ಕೆ ಹೆಸರಾದ ಸ್ವಿಟ್ಜರ್ಲೆಂಡಿನಲ್ಲಿ 1959ರಲ್ಲಿ ಗಂಡಸರು ಮತ ಹಾಕಿ ಹೆಂಗಸರಿಗೆ ಮತಾಧಿಕಾರ ಬೇಡವೆಂದರು. ಅದು ದೊರೆತದ್ದು 1971ರಲ್ಲಿ. ಅಲ್ಲಿ ಎಣಿಕೆ ತಪ್ಪಿರಲಿಲ್ಲ. ಆಲಿಸುವುದು ತಪ್ಪಿತ್ತು.

ಎಣಿಕೆಯಿಂದಲ್ಲ, ಆಲಿಸುವಿಕೆಯಿಂದ ನ್ಯಾಯ ದೊರೆತ ಉದಾಹರಣೆ ನಮ್ಮ ನಾಡಿನಲ್ಲಿಯೇ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದೆಡೆಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟರು. ತಲೆಯೆಣಿಸಿದ್ದರೆ ನಮ್ಮ ಹಿರಿಯರು ಸೋಲುತ್ತಿದ್ದರು. ಅರಸನು ಎಣಿಸಲಿಲ್ಲ, ಎರಡೂ ಪಕ್ಷದವರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಲ್ಲಿ ಭೇದವಿಲ್ಲವೆಂದು ಸಾರಿ, ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕನ್ನು ಜೈನರಿಗೆ ಎತ್ತಿಹಿಡಿದನು. ಶ್ರವಣಬೆಳಗೊಳದ ಶಾಸನ ಇಂದಿಗೂ ಇದಕ್ಕೆ ಸಾಕ್ಷಿ. ಅರಸೊತ್ತಿಗೆ ಮರಳಿ ಬರಲಿ ಎಂಬುದು ನನ್ನ ಮಾತಿನ ತಾತ್ಪರ್ಯವಲ್ಲ; ಅರಸನ ಕಿವಿ ಅವನೊಂದಿಗೇ ಮುಗಿಯುತ್ತದೆ. ಒಬ್ಬ ಅರಸನು ಒಮ್ಮೆ ಮಾಡಿದ ಈ ಕಾರ್ಯವನ್ನು ಪ್ರಜಾಪ್ರಭುತ್ವ ನಿತ್ಯವೂ ನಿಯಮದಂತೆ ಮಾಡಬೇಕೆಂಬುದು ನನ್ನ ವಾದ. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯ ನೂರಕ್ಕೆ ಅರ್ಧಾಂಶವೂ ಇರದ ನಮ್ಮಂಥವರಿಗೆ, ಎಣಿಕೆಯಷ್ಟೇ ಉಳಿದು ಆಲಿಸುವಿಕೆ ಹೋದ ದಿನ ಏನು ಉಳಿದೀತು?

ಕೊನೆಯದಾಗಿ, ಅಪ್ರಿಯವಾದರೂ ಹೇಳಲೇಬೇಕಾದ ಮಾತು. ಬೆರಳನ್ನು ಲಿಸ್ಬನ್ನಿನತ್ತ, ವಿಧಾನಸೌಧದತ್ತ ತೋರಿಸುವ ನಾವು ನಮ್ಮ ಬಸದಿಯ ಆಡಳಿತ ಮಂಡಳಿಯತ್ತ ಒಮ್ಮೆ ತೋರಿಸಿದ್ದೇವೆಯೇ? ವಾರ್ಷಿಕ ಸಭೆ ಮುಂದಕ್ಕೆ ಹೋದಾಗ, ಹಿರಿಯರೇ ಇನ್ನೊಂದು ಅವಧಿಗೆ ಮುಂದುವರಿಯಲಿ ಎಂದು ಚಪ್ಪಾಳೆಯಿಂದ ತೀರ್ಮಾನಿಸಿದಾಗ, ಲೆಕ್ಕಪತ್ರ ಕೇಳಿದ ಯುವಕನನ್ನು ಅವಿನಯಿ ಎಂದು ಗದರಿಸಿದಾಗ, ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಸ್ತ್ರೀಯರ ಅಭಿಪ್ರಾಯ ಕೇಳದೆಯೇ ಎದ್ದಾಗ, ಕಾಡುಗೋಡಿಯ ಐದು ವರ್ಷಗಳ ಪಾಠವನ್ನು ನಾವು ಮನೆಯಲ್ಲಿಯೇ ಅಭ್ಯಾಸ ಮಾಡುತ್ತಿರುತ್ತೇವೆ. 2010 ಮತ್ತು 2015ರ ಎರಡೂ ಪಾಲಿಕೆ ಚುನಾವಣೆಗಳಲ್ಲಿ ನಗರದ ಮತದಾರರಲ್ಲಿ ಅರ್ಧದಷ್ಟು ಜನರೂ ಮತಗಟ್ಟೆಗೆ ಬರಲಿಲ್ಲ. ಅಂಗಡಿಯ ಬಾಗಿಲೆಳೆದು ಒಂದು ಗಳಿಗೆ ಸಾಲಿನಲ್ಲಿ ನಿಲ್ಲದವರಲ್ಲಿ ನಮ್ಮವರು ಇರಲಿಲ್ಲವೆಂದು ಪ್ರಮಾಣ ಮಾಡಬಲ್ಲೆವೇ? ಕೇಳಿದಾಗ ಹೇಳದವನಿಗೆ, ಕೇಳದಿದ್ದಾಗ ನೋವೂ ಆಗುವುದಿಲ್ಲ. ಚುನಾವಣೆಯನ್ನು ಮುಂದೂಡಿದವರಿಗೆ ಧೈರ್ಯ ಬಂದದ್ದು ಇಲ್ಲಿಂದಲೇ.

ಆದುದರಿಂದ ಟ್ರಸ್ಟುಗಳ ಪದಾಧಿಕಾರಿಗಳಲ್ಲಿಯೂ ಕುಟುಂಬಗಳ ಹಿರಿಯರಲ್ಲಿಯೂ ವಿಜ್ಞಾಪನೆ. ತಮ್ಮ ಸಂಸ್ಥೆಯ ಚುನಾವಣೆಯನ್ನು ನಿಯಮಾವಳಿ ಹೇಳಿದ ದಿನವೇ ನಡೆಸಿರಿ. ಲೆಕ್ಕವನ್ನು ಬಸದಿಯ ಫಲಕದಲ್ಲಿ ತೂಗುಹಾಕಿರಿ. ಬಹುಮತದಿಂದ ತೀರ್ಮಾನವಾದ ಮೇಲೂ ಒಪ್ಪದವರ ಕಾರಣವನ್ನು ನಡಾವಳಿಯಲ್ಲಿ ಬರೆದಿಡಿರಿ. ವಾರ್ಡಿನ ಚುನಾವಣೆ ಬಂದಾಗ ಮನೆಮಂದಿಯೆಲ್ಲ ಹೋಗಿ ಮತ ಹಾಕಿರಿ. ಸಕಾಲದಲ್ಲಿ ಬಾರದಿದ್ದಾಗ ಮೌನವಾಗಿರದೆ ಬರೆದು, ಸಹಿ ಹಾಕಿ ಕೇಳಿರಿ. ಮೌನ ವ್ರತವಾಗಿರುವುದು ಆತ್ಮಶೋಧನೆಗೆ. ಅನ್ಯಾಯದ ಎದುರಿನ ಮೌನ ವ್ರತವಲ್ಲ, ಪ್ರಮಾದ.

ಜರ್ಮನಿಯಿಂದ ಬಂದ ತರುಣನಿಗೂ ಅಂಗಡಿಯ ಯಜಮಾನರಿಗೂ ಆ ಸಂಜೆ ನಾನು ಇಷ್ಟನ್ನೆಲ್ಲ ಹೇಳಲಾಗಲಿಲ್ಲ. ಹೊತ್ತು ಮುಳುಗಿತ್ತು, ಪ್ರತಿಕ್ರಮಣದ ವೇಳೆಯಾಗಿತ್ತು. ಆ ದಿನದ ದೋಷಗಳನ್ನು ಎಣಿಸುವಾಗ, ಹೇಳಬೇಕಾದುದನ್ನು ಹೇಳದೆ ಎದ್ದು ಬಂದುದನ್ನೂ ಒಂದಾಗಿ ಎಣಿಸಿದೆ. ಅದರ ಪ್ರಾಯಶ್ಚಿತ್ತವೇ ಈ ಬರಹ.