ಹೈಸ್ಕೂಲು ಶಿಕ್ಷಕರ ವರ್ಷಾಂತ್ಯ

ಎಪ್ರಿಲ್ ತಿಂಗಳ ಮೊದಲ ಹತ್ತು ದಿನಗಳಲ್ಲಿ ನಮ್ಮ ಹೈಸ್ಕೂಲುಗಳೊಳಗೆ ನಡೆಯುವ ಕೆಲಸವನ್ನು ಹೊರಗಿನ ಜನರು ಕಾಣುವದು ಅಪರೂಪ. ಲಕ್ಷ್ಮೇಶ್ವರ ತಾಲೂಕಿನ ಅಡರಕಟ್ಟಿಯಂಥ ಊರುಗಳ ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳ, ಕಡಲೆಗಳ ರಾಶಿ ಆಗ ಮುಗಿದಿರುತ್ತದೆ. ನೆಲವು ಬಿಸಿಲುಣ್ಣುತ್ತ ಬಿದ್ದುಕೊಂಡಿರುತ್ತದೆ. ಆದರೆ ಆ ಊರಿನ ಮಕ್ಕಳಿಗೆ ಕಲಿಸುವ ಶಿಕ್ಷಕನ ಮೇಜಿನ ಮೇಲೆ ಮಾತ್ರ ರಾಶಿ ಇನ್ನೂ ಹಾಗೆಯೇ ಇರುತ್ತದೆ. ಒಂಬತ್ತನೆಯ ಇಯತ್ತೆಯ ಉತ್ತರಪತ್ರಿಕೆಗಳು, ಮುಚ್ಚಬೇಕಾದ ಹಾಜರಿ ಪುಸ್ತಕ, ತುಂಬಬೇಕಾದ ಪ್ರಗತಿಪತ್ರಗಳು, ಬಿಸಿಯೂಟದ ಅಕ್ಕಿ ಬೇಳೆಗಳ ಶಿಲ್ಕು ಲೆಕ್ಕ, ಹತ್ತನೆಯ ತರಗತಿಯ ಮೌಲ್ಯಮಾಪನಕ್ಕೆ ಹೊರಡಲು ಬಂದ ಆಜ್ಞೆ, ಇವೆಲ್ಲವೂ ಏಕಕಾಲಕ್ಕೆ ಬಂದು ಕೂಡುತ್ತವೆ. ಹತ್ತನೆಯ ತಾರೀಖಿಗೆ ನಿಕಾಲು ಓದಿ ಹೇಳಿ ಬಾಗಿಲಿಗೆ ಕೀಲಿ ಹಾಕಿದೊಡನೆ ಮಾಸ್ತರರು ಮುಂದಿನ ಏಳು ವಾರ ಸುಖವಾಗಿ ಕಾಲ ಕಳೆಯುವರೆಂದು ಜನರ ಭಾವನೆ. ಈ ಭಾವನೆಯು ಎಷ್ಟರ ಮಟ್ಟಿಗೆ ಸತ್ಯವೆಂಬುದನ್ನು ಇಂದು ವಿಚಾರಿಸುವದು ಅವಶ್ಯವಾಗಿದೆ.

ಶಿಕ್ಷಕರಿಗೆ ರಜೆ ಹೆಚ್ಚೆಂಬ ಆಕ್ಷೇಪಣೆಯು ಇಂದಿನದಲ್ಲ, ನಿನ್ನೆಯದಲ್ಲ. ಹೊಲದಲ್ಲಿ ದುಡಿಯುವವನೂ ಅಂಗಡಿಯಲ್ಲಿ ಕೂಡುವವನೂ ಹಾಗೆ ಆಡಿದರೆ ನಾವು ಬೇಸರಪಡುವದಿಲ್ಲ. ಅವರಿಗೆ ರಜೆಯೆಂಬುದೇ ಇಲ್ಲವಷ್ಟೆ. ಆದರೆ ತಿಂಗಳ ಸಂಬಳ, ಪೂರ್ಣ ಗಳಿಕೆ ರಜೆ, ವಾರದ ಬಿಡುವು ಎಲ್ಲವನ್ನೂ ಅನುಭವಿಸುವ ಅಧಿಕಾರಿವರ್ಗದವರೇ ಈ ಮಾತನ್ನು ಆಡುವಾಗ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಬೇಸಿಗೆಯ ಬಿಡುವುಂಟೆಂಬ ಕಾರಣದಿಂದಲೇ ಶಿಕ್ಷಕರಿಗೆ ಇತರ ನೌಕರರಷ್ಟು ಗಳಿಕೆ ರಜೆಯನ್ನು ಸರಕಾರವು ಕೊಡುವದಿಲ್ಲ. ಅಂದಬಳಿಕ ಬೇಸಿಗೆಯ ಬಿಡುವು ದಾನವಲ್ಲ. ಒಂದರ ಬದಲಿಗೆ ಕೊಟ್ಟ ಇನ್ನೊಂದು. ಬದಲಿಗೆ ಕೊಟ್ಟದ್ದನ್ನೂ ಮರಳಿ ಕಸಿದುಕೊಂಡರೆ ಅದಕ್ಕೇನೆನ್ನಬೇಕು?

ಕಸಿದುಕೊಳ್ಳುವದು ಹೇಗೆ ನಡೆಯುತ್ತಿದೆ ಎಂಬುದಕ್ಕೆ ಹಿಂದಿನ ಒಂದೆರಡು ವರ್ಷಗಳ ವೃತ್ತಾಂತವೇ ಸಾಕ್ಷಿ. 2024ರ ವರ್ಷಾಂತ್ಯವನ್ನು ವಾಚಕರು ನೆನಪಿಗೆ ತಂದುಕೊಳ್ಳಲಿ. ಐದು, ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ರಾಜ್ಯಮಟ್ಟದ ಪರೀಕ್ಷೆಯನ್ನು ಸರಕಾರವು ಗೊತ್ತುಪಡಿಸಿತು. ಮಾರ್ಚ್ 6ರಂದು ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅದನ್ನು ರದ್ದುಪಡಿಸಿತು. ವಿಭಾಗೀಯ ಪೀಠವು ಆ ತೀರ್ಪಿಗೆ ತಡೆಯಿತ್ತಿತು. 11ರಂದು ಪರೀಕ್ಷೆ ಆರಂಭವಾಯಿತು. ಮರುದಿನವೇ ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ನಡುವೆ ನಿಂತಿತು. 22ರಂದು ವಿಭಾಗೀಯ ಪೀಠದ ಅನುಮತಿ ದೊರೆತು 25ರಿಂದ ಮತ್ತೆ ನಡೆಯಿತು. ಹತ್ತನೆಯ ತರಗತಿಯ ಪರೀಕ್ಷೆಯೂ ಆ ದಿನವೇ ಮೊದಲಾಗುವದಿತ್ತು. ಅಷ್ಟಾಗಿ ಪತ್ರಿಕೆಗಳನ್ನು ತಿದ್ದಿ ಅಂಕಗಳನ್ನು ಕೂಡಿಸಿ ನಿಕಾಲು ಹೇಳಬೇಕೆನ್ನುವಷ್ಟರಲ್ಲಿ, ಎಪ್ರಿಲ್ 8ರಂದು, ಫಲಿತಾಂಶವನ್ನು ಪ್ರಕಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಅಪ್ಪಣೆ ಮಾಡಿತು. ವರ್ಷವೆಲ್ಲ ಕಲಿತ ಹುಡುಗನಿಗೆ ತಾನು ಮೇಲಿನ ತರಗತಿಗೆ ಹೋದೆನೋ ಇಲ್ಲವೋ ಎಂಬುದೇ ತಿಳಿಯದಾಯಿತು. ನ್ಯಾಯಾಲಯಗಳ ತೀರ್ಪನ್ನು ನಾವು ಇಲ್ಲಿ ವಿಮರ್ಶಿಸುವದಿಲ್ಲ. ಶೈಕ್ಷಣಿಕ ವರ್ಷದ ಕೊನೆಯ ತಿಂಗಳಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕಿದ ಇಲಾಖೆಯ ವಿವೇಕವನ್ನು ಮಾತ್ರ ಪ್ರಶ್ನಿಸುತ್ತೇವೆ.

ಅದೇ ವರ್ಷ ಹತ್ತನೆಯ ತರಗತಿಯ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮರಾಗಳ ಕಾವಲು ಬಂದಿತು. ನಕಲು ತಗ್ಗಿತು, ತೇರ್ಗಡೆಯ ಪ್ರಮಾಣವೂ 2023ರಲ್ಲಿ ಶೇಕಡಾ 83.89 ಇದ್ದುದು 73.40ಕ್ಕೆ ಇಳಿಯಿತು. ಇದಾದರೂ ಕೃಪಾಂಕಗಳನ್ನು ಶೇಕಡಾ ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲಿನ ಲೆಕ್ಕ. ಕಾವಲಿನ ವಿಷಯದಲ್ಲಿ ನಾವು ಸರಕಾರವನ್ನು ಅಭಿನಂದಿಸುತ್ತೇವೆ. ಸುಳ್ಳು ಅಂಕಗಳಿಂದ ಹಳ್ಳಿಯ ಹುಡುಗನಿಗಾದ ಕೇಡು ಬೇರೆ ಯಾವದರಿಂದಲೂ ಆಗಿಲ್ಲ. ಆದರೆ ಫಲಿತಾಂಶವು ಕೆಳಗಿಳಿದೊಡನೆ ಇಲಾಖೆಗೆ ಗಾಬರಿ ಹುಟ್ಟಿತು. ಅನುತ್ತೀರ್ಣರಾದ ಮಕ್ಕಳಿಗೆ ಮೇ 15ರಿಂದಲೇ ವಿಶೇಷ ವರ್ಗಗಳನ್ನು ನಡೆಸಬೇಕೆಂದು ಸುತ್ತೋಲೆ ಹೊರಟಿತು. ಶಿಕ್ಷಕರ ಸಂಘಗಳು ಪ್ರತಿಭಟಿಸಿದವು. ಕೊನೆಗೆ ಪರೀಕ್ಷೆಯನ್ನೂ ವರ್ಗಗಳನ್ನೂ ಮುಂದೂಡಬೇಕಾಯಿತು. 2025ರಲ್ಲಿ ಕೃಪಾಂಕಗಳನ್ನು ನಿಲ್ಲಿಸಿದಾಗ ತೇರ್ಗಡೆಯು ಇನ್ನೂ ಇಳಿಯಿತು. ಆ ವರ್ಷ ಎರಡನೆಯ ಪರೀಕ್ಷೆ ಆರಂಭವಾದದ್ದು ಮೇ 26ಕ್ಕೆ. ಶಾಲೆಗಳು ತೆರೆದದ್ದು ಮೇ 29ಕ್ಕೆ. ಮೂರನೆಯ ಪರೀಕ್ಷೆ ಜುಲೈ ತಿಂಗಳಲ್ಲಿ. ಹೀಗೆ ಒಂದು ವರ್ಷದ ಬಾಲವು ಮುಂದಿನ ವರ್ಷದ ತಲೆಯನ್ನು ಸುತ್ತಿಕೊಂಡಿದೆ. ಶಿಕ್ಷಕನಿಗೆ ವರ್ಷವು ಮುಗಿಯುವದೆಂದು?

ಇಲ್ಲಿ ನಮ್ಮ ಅಭಿಪ್ರಾಯವನ್ನು ಅಪಾರ್ಥ ಮಾಡಿಕೊಳ್ಳಬಾರದು. ಮೂರು ಪರೀಕ್ಷೆಗಳ ಪದ್ಧತಿಯನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಲಕ್ಷ್ಮೇಶ್ವರವು ಮಿರಜದ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗ್ಲಿಯ ಸಂಸ್ಥಾನಕ್ಕೂ ಸೇರಿದ್ದ ಕಾಲದಲ್ಲಿ, ಅಂದರೆ 1948ರ ವಿಲೀನಕ್ಕೆ ಮೊದಲು, ಈ ಭಾಗದ ಹುಡುಗನು ಮುಂಬಯಿ ವಿಶ್ವವಿದ್ಯಾಲಯದ ಮ್ಯಾಟ್ರಿಕ್ ಪರೀಕ್ಷೆಗೆ ಕೂಡ್ರಬೇಕಾದರೆ ಮನೆಬಿಟ್ಟು ಪರಸ್ಥಳದಲ್ಲಿ ವಾರಾನ್ನ ಉಂಡು ಓದಬೇಕಾಗುತ್ತಿತ್ತು. ಒಮ್ಮೆ ನಪಾಸಾದರೆ ಎಷ್ಟೋ ಜನರ ವಿದ್ಯೆ ಅಲ್ಲಿಗೇ ಮುಗಿಯುತ್ತಿತ್ತು. ಇಂದು ಹಳ್ಳಿಯ ಹುಡುಗಿಯೊಬ್ಬಳು ಗಣಿತದಲ್ಲಿ ತಪ್ಪಿದರೆ ಅವಳ ಮನೆಯಲ್ಲಿ ಮೊದಲು ಏಳುವ ಮಾತು ಮದುವೆಯದು. ಎರಡು ತಿಂಗಳೊಳಗೆ ಮತ್ತೊಂದು ಪರೀಕ್ಷೆಯುಂಟೆಂದರೆ ಆ ಮಾತಿಗೆ ತಡೆ ಬೀಳುತ್ತದೆ. ಇಷ್ಟು ದೊಡ್ಡ ಉಪಕಾರವನ್ನು ಬೇಡವೆನ್ನುವ ಎದೆ ಯಾವ ಶಿಕ್ಷಕನಿಗೂ ಇರಲಾರದು. ಪ್ರಶ್ನೆಯಿರುವದು ಅವಳಿಗೆ ಕಲಿಸುವವರಾರು, ಯಾವಾಗ, ಯಾವ ಏರ್ಪಾಡಿನಿಂದ ಎಂಬಲ್ಲಿ. ಹತ್ತು ತಿಂಗಳು ಅದೇ ಗಣಿತವನ್ನು ಅದೇ ರೀತಿಯಲ್ಲಿ ಕಲಿಸಿ ದಣಿದ ಮನುಷ್ಯನನ್ನೇ, ಸಮ್ಮತಿಯನ್ನೂ ಕೇಳದೆ, ಮೇ ತಿಂಗಳ ಉರಿಬಿಸಿಲಿನಲ್ಲಿ ಮತ್ತೆ ಹಲಗೆಯ ಮುಂದೆ ನಿಲ್ಲಿಸುವದು ಅಗ್ಗದ ಏರ್ಪಾಡೇ ಹೊರತು ಒಳ್ಳೆಯ ಏರ್ಪಾಡಲ್ಲ.

ಈ ಸಂದರ್ಭದಲ್ಲಿ ಕೆಲವರು ಗದಗಿನ ಬಿ.ಜಿ. ಅಣ್ಣಿಗೇರಿ ಗುರುಗಳ ಉದಾಹರಣೆಯನ್ನು ಮುಂದಿಡುತ್ತಾರೆ. ಹಳ್ಳಿಯ ಬಡ ಮಕ್ಕಳನ್ನು ತಮ್ಮ ಬಳಿಯಲ್ಲಿ ಇಟ್ಟುಕೊಂಡು ಹಗಲಿರುಳೆನ್ನದೆ ಪಾಠ ಹೇಳಿದ ಆ ಮಹನೀಯರ ಹೆಸರನ್ನು ಈ ಜಿಲ್ಲೆಯಲ್ಲಿ ಗೌರವದಿಂದ ನೆನೆಯದವರಿಲ್ಲ. ಅಂಥವರು ರಜೆಯನ್ನು ಕೇಳಿದರೇ ಎಂದು ಇವರ ಪ್ರಶ್ನೆ. ಕೇಳಲಿಲ್ಲ, ನಿಜ. ಆದರೆ ಅವರಿಗೆ ಯಾರೂ ಸುತ್ತೋಲೆಯನ್ನೂ ಕಳಿಸಿರಲಿಲ್ಲ! ತಾನಾಗಿ ಕೊಟ್ಟದ್ದು ತ್ಯಾಗ. ಅಪ್ಪಣೆ ಮಾಡಿ ಪಡೆದದ್ದು ಬಿಟ್ಟಿ. ಒಬ್ಬ ಸತ್ಪುರುಷನ ತ್ಯಾಗವನ್ನು ಎಲ್ಲರಿಗೂ ಅನ್ವಯಿಸುವ ಸೇವಾನಿಯಮವನ್ನಾಗಿ ಮಾಡಹೊರಟರೆ ಆ ಸತ್ಪುರುಷನಿಗೇ ಅಪಚಾರವಾಗುತ್ತದೆ.

ವರ್ಷದ ಕೊನೆಯನ್ನು ಕೇವಲ ವಿಶ್ರಾಂತಿಯ ದೃಷ್ಟಿಯಿಂದ ನೋಡುವದೂ ಪೂರ್ಣ ದೃಷ್ಟಿಯಲ್ಲ. ವರ್ಷವನ್ನು ಮುಗಿಸುವದೇ ಒಂದು ಕೆಲಸ, ಮತ್ತು ನಮ್ಮ ಶಾಲೆಗಳಲ್ಲಿ ಆಗದೆ ಉಳಿಯುವ ಕೆಲಸವೆಂದರೆ ಅದೇ. ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಒಂಬತ್ತನೆಯ ತರಗತಿಯ ಹುಡುಗಿ ಹತ್ತಿ ಬಿಡಿಸುವ ಕಾಲದಲ್ಲಿ ಮೂರು ವಾರ ಶಾಲೆಗೆ ಬರಲಿಲ್ಲ. ಆಗಲೇ ಬೀಜಗಣಿತದ ಮುಖ್ಯ ಪಾಠ ನಡೆದುಹೋಯಿತು. ಮತ್ತೆ ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಎರಡು ವಾರ ತಪ್ಪಿದಳು. ತಾಂಡಾದ ಹುಡುಗನು ತಂದೆತಾಯಿಗಳೊಡನೆ ಗೋವೆಗೋ ಮಂಗಳೂರಿಗೋ ಗುಳೆ ಹೋಗಿ ಮರಳಿದನು. ಇನ್ನೊಬ್ಬನಿಗೆ ಹಲಗೆಯ ಮೇಲಿನ ಅಕ್ಷರವೇ ಕಾಣಿಸದು. ಆದರೆ ಬಾಯಿಲೆಕ್ಕದಲ್ಲಿ ಅವನನ್ನು ಮೀರಿಸುವವರಿಲ್ಲ. ಇದೆಲ್ಲವನ್ನೂ ಹತ್ತು ತಿಂಗಳು ಜೊತೆಗಿದ್ದ ಶಿಕ್ಷಕನು ಬಲ್ಲನು. ಸರಕಾರದ ಗಣಕಯಂತ್ರವು ಬಲ್ಲದ್ದು ಅಂಕಗಳನ್ನು ಮಾತ್ರ. ಎಪ್ರಿಲ್ ತಿಂಗಳಲ್ಲಿ ಆ ಶಿಕ್ಷಕನಿಗೆ ನಾಲ್ಕು ದಿನ ನಿರುಂಬಳವಾಗಿ ಕುಳಿತು ಪ್ರತಿಯೊಂದು ಮಗುವಿನ ವಿಷಯದಲ್ಲಿ ನಾಲ್ಕು ಸಾಲು ಬರೆದಿಡಲು ಅವಕಾಶವಿದ್ದರೆ, ಜೂನ್ ತಿಂಗಳಲ್ಲಿ ಬರುವ ಹೊಸ ಶಿಕ್ಷಕನು ಆ ಹುಡುಗಿಯನ್ನು ದಡ್ಡಿಯೆಂದು ತಿಳಿಯದೆ ತಪ್ಪಿಹೋದ ಐದು ವಾರಗಳ ಪಾಠವನ್ನು ಮೊದಲು ಕಲಿಸುವನು. ಆ ನಾಲ್ಕು ಸಾಲುಗಳಿಗೆ ಯಾವ ನಮೂನೆಯಲ್ಲೂ ಜಾಗವಿಲ್ಲ, ಯಾವ ದಿನಚರಿಯಲ್ಲೂ ವೇಳೆಯಿಲ್ಲ. ಅದೇ ಹುಡುಗಿ ಮರುವರ್ಷ ಅನುತ್ತೀರ್ಣಳಾದ ಮೇಲೆ ಅವಳಿಗಾಗಿ ವಿಶೇಷ ವರ್ಗ ನಡೆಸಲು ಮಾತ್ರ ಸುತ್ತೋಲೆ ಸಿದ್ಧವಾಗಿರುತ್ತದೆ.

ವೇಳೆಯು ಎಲ್ಲಿ ಸೋರಿಹೋಗುತ್ತದೆಂಬುದು ಗುಟ್ಟೇನೂ ಅಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನೇಮಿಸಕೂಡದೆನ್ನುತ್ತದೆ. ಕಾಯಿದೆಯ ವ್ಯಾಪ್ತಿಯು ಎಂಟನೆಯ ತರಗತಿಗೆ ನಿಲ್ಲುವದಾದರೂ ಅದರ ಆಶಯವು ಅಲ್ಲಿಗೇ ನಿಲ್ಲಬೇಕಾಗಿಲ್ಲ. 2025ರ ಸಪ್ಟೆಂಬರ್ 22ರಿಂದ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಗಾಗಿ ಶಿಕ್ಷಕರು ಮನೆಮನೆ ತಿರುಗಿದರು; ದಸರೆಯ ಬಿಡುವು ಅದರಲ್ಲಿ ಕರಗಿತು; ಸಾಲದೆ ಬಂದಾಗ ಅಕ್ಟೋಬರ್ 18ರ ವರೆಗೆ ಶಾಲೆಗಳನ್ನೇ ಮುಚ್ಚಲಾಯಿತು. ಸಮೀಕ್ಷೆಯು ಅವಶ್ಯವೇ ಇರಬಹುದು. ಸಾಮಾಜಿಕ ನ್ಯಾಯಕ್ಕೆ ಅಂಕಿಸಂಖ್ಯೆಗಳು ಬೇಕು, ಅದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಹಿಂದುಳಿದವರನ್ನು ಎಣಿಸುವದಕ್ಕಾಗಿ ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸುವ ವೈಚಿತ್ರ್ಯವನ್ನು ಯಾರಾದರೂ ಗಮನಿಸಿದರೇ? ಅಕ್ಟೋಬರಿನಲ್ಲಿ ಹೋದ ದಿನಗಳನ್ನು ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿ ತುಂಬಿಕೊಳ್ಳಬೇಕು, ಮಾರ್ಚಿನಲ್ಲಿ ಆಗದುದನ್ನು ಮೇ ತಿಂಗಳಲ್ಲಿ. 2027ರ ಜನಗಣತಿಗೆ ಮನೆಪಟ್ಟಿ ಮಾಡುವ ಕಾರ್ಯವನ್ನು 2026ರ ಎಪ್ರಿಲ್‌ನಿಂದ ಸಪ್ಟೆಂಬರಿನೊಳಗೆ ಎಂದು ಗೊತ್ತುಪಡಿಸಿದ್ದೂ ಶಿಕ್ಷಕರ ಹೆಗಲನ್ನೇ ನಂಬಿ.

ಇಷ್ಟು ಹೊತ್ತು ನಾವು ಕಾಯಂ ಶಿಕ್ಷಕರ ಮಾತನ್ನಾಡಿದೆವು. ಅವರಿಗೆ ಬಿಡುವಿಲ್ಲದಿದ್ದರೂ ಸಂಬಳವುಂಟು. ಅದೇ ಕೊಠಡಿಯಲ್ಲಿ, ಅದೇ ಮಕ್ಕಳಿಗೆ, ಅದೇ ಪಾಠ ಹೇಳುವ ಇನ್ನೊಂದು ವರ್ಗದವರುಂಟು. ಅವರಿಗೆ ‘ಅತಿಥಿ ಶಿಕ್ಷಕ’ರೆಂದು ಹೆಸರು. ನಮ್ಮಲ್ಲಿ ಅತಿಥಿಯೆಂದರೆ ದೇವರೆನ್ನುವ ವಾಡಿಕೆ. ಇಲಾಖೆಯು ಈ ಶಬ್ದವನ್ನು ಯಾವ ಕೋಶದಿಂದ ಆರಿಸಿತೋ ತಿಳಿಯದು. 2025-26ನೆಯ ಸಾಲಿಗೆ ಸರಕಾರವು ಇಂಥ 51,000 ಶಿಕ್ಷಕರ ನೇಮಕಕ್ಕೆ ಒಪ್ಪಿಗೆಯಿತ್ತಿತು. ಅವರಲ್ಲಿ 11,000 ಜನರು ಹೈಸ್ಕೂಲುಗಳಿಗೆ. 2025ರ ಆಯವ್ಯಯದಲ್ಲಿ ಇವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿ ಏರಿಸಲಾಯಿತು. ಏರಿಸಿದ ಮೇಲೂ ಹೈಸ್ಕೂಲಿನಲ್ಲಿ ಕಲಿಸುವವರಿಗೆ ದೊರೆಯುವದು 12,500 ರೂಪಾಯಿ. ಪದವಿ, ಮೇಲೆ ಬಿ.ಎಡ್. ಮುಗಿಸಿದವರಿಗೆ ಇದು ಕೂಲಿಯ ಪ್ರಮಾಣಕ್ಕೂ ಸರಿದೂಗದು. ಅದಾದರೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ. ಇತರರಿಗೆ ವರ್ಷಾಂತ್ಯವೆಂದರೆ ದಣಿವು. ಇವರಿಗೆ ವರ್ಷಾಂತ್ಯವೆಂದರೆ ಒಲೆಯ ಚಿಂತೆ. ಬೀಳ್ಕೊಡುವ ಸಮಾರಂಭದಲ್ಲಿ ಮಕ್ಕಳು ಹೂವು ಕೊಟ್ಟು ಕಾಲಿಗೆ ನಮಸ್ಕರಿಸುವಾಗ, ಮಕ್ಕಳೊಡನೆ ತಾನೂ ಶಾಲೆಯನ್ನು ಬಿಡುತ್ತಿರುವೆನೆಂಬ ಸಂಗತಿ ಆ ಶಿಕ್ಷಕನೊಬ್ಬನಿಗೇ ಗೊತ್ತಿರುತ್ತದೆ. ಜೂನ್ ತಿಂಗಳಲ್ಲಿ ಅದೇ ಶಾಲೆಗೆ ಮರಳಿ ಬರುವನೋ ಇಲ್ಲವೋ ಹೇಳುವವರಾರು? ಏತನ್ಮಧ್ಯೆ ಎಪ್ರಿಲ್, ಮೇ ತಿಂಗಳುಗಳಲ್ಲಿ ಅವರಲ್ಲಿ ಕೆಲವರು ಹೊಲದ ಕೆಲಸಕ್ಕೆ, ಕೆಲವರು ಲಕ್ಷ್ಮೇಶ್ವರದ ಇಲ್ಲವೆ ಗದಗಿನ ಅಂಗಡಿಗಳ ಲೆಕ್ಕ ಬರೆಯಲು, ಕೆಲವರು ಮದುವೆಯ ಊಟ ಬಡಿಸಲು ಹೋಗುತ್ತಾರೆ. ದುಡಿಮೆಯಲ್ಲಿ ಹೀನವೆಂಬುದಿಲ್ಲ. ಆದರೆ ಮಾರ್ಚಿನಲ್ಲಿ ತನಗೆ ವಿಜ್ಞಾನ ಕಲಿಸಿದ ಗುರುಗಳು ಮೇ ತಿಂಗಳಲ್ಲಿ ಪರರ ಪಂಕ್ತಿಯಲ್ಲಿ ಬಡಿಸುವದನ್ನು ಕಂಡ ಹುಡುಗನು ವಿದ್ಯೆಯ ಬೆಲೆಯನ್ನು ಎಷ್ಟೆಂದು ಕಟ್ಟುವನು? ಅವನ ತಂದೆಯು ಎಷ್ಟೆಂದು ಕಟ್ಟುವನು?

ತಿರುಳ್ಗನ್ನಡದ ನೆಲೆಯೆಂದು ಪಂಪನ ಕಾಲದಿಂದ ಹೆಸರಾದ ಪುಲಿಗೆರೆಯ ಸೀಮೆಯಿದು. ಇಲ್ಲಿಯ ಮಕ್ಕಳಿಗೆ ಕನ್ನಡವನ್ನು ಕಲಿಸಲು ವರ್ಷಕ್ಕೊಬ್ಬ ಹಂಗಾಮಿ ಮಾಸ್ತರನನ್ನು ಹುಡುಕುವ ಸ್ಥಿತಿ ಬಂದುದಕ್ಕೆ ಏಕೀಕರಣಕ್ಕಾಗಿ ಹೋರಾಡಿದ ಹಿರಿಯರು ಏನೆನ್ನುತ್ತಿದ್ದರೋ!

ಸರಕಾರಕ್ಕೆ ನಾವು ಅಸಾಧ್ಯವಾದುದನ್ನು ಕೇಳುವದಿಲ್ಲ. ಖಾಲಿಯಿರುವ ಸ್ಥಾನಗಳನ್ನು ಕಾಯಂ ನೇಮಕದಿಂದ ತುಂಬುವದು ಮುಖ್ಯ ಪರಿಹಾರವೆಂಬುದು ನಿರ್ವಿವಾದ; ಅದಕ್ಕೆ ಹಣವೂ ಕಾಲವೂ ಬೇಕೆಂಬ ಉತ್ತರವನ್ನು ಕೇಳಿ ಕೇಳಿ ನಮ್ಮ ಕಿವಿ ಪಳಗಿವೆ. ಅಲ್ಲಿಯ ವರೆಗೆ ಇಷ್ಟನ್ನಾದರೂ ಮಾಡಬಹುದು. ಎರಡನೆಯ ಪರೀಕ್ಷೆಯ ತಯಾರಿಯನ್ನು ಎಪ್ರಿಲಿನಲ್ಲಿ ಹೊರಗೆ ಕಳಿಸುವ ಅತಿಥಿ ಶಿಕ್ಷಕರಿಗೇ ಒಪ್ಪಿಸಿ, ಆ ಎರಡು ತಿಂಗಳುಗಳಿಗೂ ಅವರಿಗೆ ಗೌರವಧನವನ್ನು ಕೊಡಲಿ. ದಣಿದವರಿಗೆ ಬಿಡುವು, ಹಸಿದವರಿಗೆ ದುಡಿಮೆ, ಹಿಂದುಳಿದ ಮಗುವಿಗೆ ಪರಿಚಯದ ಮುಖ ಏಕಕಾಲಕ್ಕೆ ದೊರೆಯುವವು. ಕಾಯಂ ಶಿಕ್ಷಕರನ್ನೇ ಕರೆಯುವ ಪ್ರಸಂಗ ಬಂದರೆ ದುಡಿದ ಪ್ರತಿಯೊಂದು ದಿನವೂ ಅರ್ಜಿಯ ಗೋಜಿಲ್ಲದೆ ಅವರ ಗಳಿಕೆ ರಜೆಯ ಲೆಕ್ಕಕ್ಕೆ ಸೇರಲಿ. ಬೇಸಿಗೆಯ ಬಿಡುವಿನ ಬಗೆಗಿನ ಸುತ್ತೋಲೆಗಳೆಲ್ಲ ಫೆಬ್ರುವರಿಯೊಳಗೆ ಹೊರಡಲಿ. ಎಪ್ರಿಲ್ 10ರ ತರುವಾಯ ಹೊರಟ ಅಪ್ಪಣೆಗೆ ಬೆಲೆಯಿಲ್ಲವೆಂದು ಇಲಾಖೆಯು ತನಗೆ ತಾನೇ ನಿಯಮ ಮಾಡಿಕೊಳ್ಳಲಿ. ಮತ್ತು ಯಾವ ಅತಿಥಿ ಶಿಕ್ಷಕನ ಕೆಲಸದ ವಿಷಯದಲ್ಲಿ ಮುಖ್ಯೋಪಾಧ್ಯಾಯರಿಗೂ ಶಾಲಾ ಸಮಿತಿಗೂ ತೃಪ್ತಿಯುಂಟೋ ಅವನಿಗೆ ಮುಂದಿನ ವರ್ಷದ ನೇಮಕದ ಪತ್ರವನ್ನು ನಿಕಾಲು ಓದುವ ದಿನವೇ ಅದೇ ಮೇಜಿನ ಮೇಲೆ ಕೊಡಲಿ. ಇದಕ್ಕೆ ಬೊಕ್ಕಸದಿಂದ ಒಂದು ದುಡ್ಡೂ ವೆಚ್ಚವಾಗುವದಿಲ್ಲ. ಬೇಕಾದದ್ದು ಒಂದು ಹಾಳೆ ಕಾಗದ ಮತ್ತು ಅಧಿಕಾರಿಗಳ ಒಂದು ರುಜು.