ಎಂಜಿನ್ ಆಯಿಲ್: ಆಯ್ಕೆಯ ಹಕ್ಕು ಸವಾರನದಾಗಲಿ

ಬೆಂಗಳೂರಿನ ಯಾವುದೇ ಬಡಾವಣೆಯ ಗ್ಯಾರೇಜಿನಲ್ಲಿ ಬೆಳಿಗ್ಗೆ ಬೈಕ್ ಬಿಟ್ಟು ಕಚೇರಿಗೆ ಹೊರಡುವವರು ಹೇಳುವ ಮಾತು ಒಂದೇ: ‘ಆಯಿಲ್ ಬದಲಾಯಿಸಿಬಿಡಿ.’ ಯಾವ ಆಯಿಲ್ ಎಂದು ಕೇಳುವವರು ವಿರಳ. ಸಂಜೆ ಕೈಗೆ ಬರುವ ಬಿಲ್ಲಿನಲ್ಲಿ ಬಹುತೇಕ ಸಂದರ್ಭಗಳಲ್ಲಿ ಅದರ ಬೆಲೆ ಇರುತ್ತದೆಯೇ ಹೊರತು ದರ್ಜೆ ಇರುವುದಿಲ್ಲ. ಅಡುಗೆ ಎಣ್ಣೆಯ ಪೊಟ್ಟಣವನ್ನು ತಿರುಗಿಸಿ ನೋಡಿ ಕೊಳ್ಳುವ ವಿದ್ಯಾವಂತರೂ, ಸಾಲ ಮಾಡಿ ಕೊಂಡ ವಾಹನದ ಎಂಜಿನ್‌ಗೆ ಏನನ್ನು ಸುರಿಯಲಾಗುತ್ತಿದೆ ಎಂದು ವಿಚಾರಿಸುವುದಿಲ್ಲ. ಇದಕ್ಕೆ ಉದಾಸೀನವೊಂದೇ ಕಾರಣವಲ್ಲ. ಡಬ್ಬಿಯ ಮೇಲಿನ ಬರಹ ಗ್ರಾಹಕನಿಗೆ ಅರ್ಥವಾಗುವಂತಿಲ್ಲ ಎಂಬುದೂ ಅಷ್ಟೇ ನಿಜ.

ಕಾರಿನ ಎಂಜಿನ್ ಆಯಿಲ್‌ಗೂ ಬೈಕಿನ ಆಯಿಲ್‌ಗೂ ಇರುವ ವ್ಯತ್ಯಾಸ ಹೆಸರಿನದ್ದಷ್ಟೇ ಅಲ್ಲ. ಕಾರಿನಲ್ಲಿ ಗಿಯರ್‌ಗಳಿಗೆ ಬೇರೆಯದೇ ಎಣ್ಣೆ ಇರುತ್ತದೆ. ನಮ್ಮ ರಸ್ತೆಗಳಲ್ಲಿ ಓಡುವ ಬಹುತೇಕ ಬೈಕ್‌ಗಳಲ್ಲಾದರೋ ಎಂಜಿನ್, ಗಿಯರ್ ಹಾಗೂ ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಸಾಧಾರಣ ಬೈಕ್‌ಗಳಲ್ಲಿ ಅದರ ಪ್ರಮಾಣ ಒಂದು ಲೀಟರಿನ ಆಸುಪಾಸು. ಎಂಜಿನ್ನಿನ ಭಾಗಗಳು ಉಜ್ಜದಂತೆ ಅದು ಕಾಯಬೇಕು, ಅದೇ ವೇಳೆ ತನ್ನಲ್ಲಿ ನೆನೆದಿರುವ ಕ್ಲಚ್ ಪ್ಲೇಟುಗಳು ಜಾರದಂತೆಯೂ ಇರಬೇಕು. ಕಾರಿಗೆಂದು ತಯಾರಾದ ಕೆಲವು ಆಯಿಲ್‌ಗಳಲ್ಲಿ ಇಂಧನ ಉಳಿತಾಯದ ಉದ್ದೇಶದಿಂದ ಘರ್ಷಣೆ ತಗ್ಗಿಸುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಅವು ಬೈಕಿಗೆ ಬಿದ್ದರೆ ಕ್ಲಚ್ ಜಾರಬಹುದು: ಎಂಜಿನ್ನಿನ ಸದ್ದು ಏರುತ್ತದೆ, ಗಾಡಿ ಮಾತ್ರ ಮುಂದೆ ಸಾಗದು.

ಈ ಗೊಂದಲ ನಿವಾರಣೆಗೆಂದೇ ಜಪಾನಿನ ‘ಜಾಸೊ’ ಮಾನಕವು 1990ರ ದಶಕದ ಕೊನೆಯಲ್ಲಿ ದ್ವಿಚಕ್ರ ವಾಹನಗಳ ಆಯಿಲ್‌ಗಳನ್ನು ವಿಂಗಡಿಸಿತು. ‘ಎಂಎ’ ಮತ್ತು ‘ಎಂಎ2’ ಎಂಬ ಗುರುತುಳ್ಳವು ಎಣ್ಣೆಯಲ್ಲಿ ನೆನೆದ ಕ್ಲಚ್‌ಗೆ ತಕ್ಕವು. ಘರ್ಷಣೆ ಕಡಿಮೆ ಇರುವ ‘ಎಂಬಿ’ ದರ್ಜೆಯು ಕ್ಲಚ್ ಎಣ್ಣೆಯಿಂದ ಹೊರಗಿರುವ ಗಿಯರ್‌ರಹಿತ ಸ್ಕೂಟರ್‌ಗಳಿಗೆ ಮೀಸಲು. ಮನೆಯ ಸ್ಕೂಟರಿಗೆ ತಂದ ಆಯಿಲ್ ಉಳಿಯಿತೆಂದು ಬೈಕಿಗೆ ಸುರಿಯುವುದು ಉಳಿತಾಯವಲ್ಲ ಎಂಬುದನ್ನು ಈ ಎರಡಕ್ಷರಗಳೇ ಹೇಳುತ್ತವೆ.

ಎಣ್ಣೆಯ ಮಂದತೆಯನ್ನು ಸೂಚಿಸುವ ಅಂಕಿಗಳ ವಿಚಾರದಲ್ಲೂ ತಪ್ಪು ಕಲ್ಪನೆಗಳಿವೆ. ‘10ಡಬ್ಲ್ಯು-30’ ಎಂಬಲ್ಲಿ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಹರಿಯುವ ಗುಣವನ್ನೂ ಎರಡನೆಯದು ಬಿಸಿ ಎಂಜಿನ್‌ನಲ್ಲಿ ಅದರ ಮಂದತೆಯನ್ನೂ ಸೂಚಿಸುತ್ತದೆ. ‘ನಮ್ಮ ಸೆಖೆಗೆ ದಪ್ಪ ಎಣ್ಣೆಯೇ ಲೇಸು’ ಎಂಬ ನಂಬಿಕೆ ಗ್ಯಾರೇಜುಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ತೆಳು ಎಣ್ಣೆಗೆಂದು ರೂಪಿಸಿದ ಎಂಜಿನ್‌ನಲ್ಲಿ ದಪ್ಪ ಎಣ್ಣೆ ಮೇಲಿನ ಭಾಗಗಳನ್ನು ತಲುಪಲು ತಡವಾಗುತ್ತದೆ, ಪೆಟ್ರೋಲ್ ಖರ್ಚೂ ಏರುತ್ತದೆ. ಪ್ರಚಲಿತವಾದ ನೂರು ಸಿಸಿ ಬೈಕ್ ಒಂದಕ್ಕೆ 10ಡಬ್ಲ್ಯು-30 ಸೂಕ್ತವಾದರೆ, 350 ಸಿಸಿಯ ಭಾರಿ ಬೈಕಿಗೆ 15ಡಬ್ಲ್ಯು-50 ಬೇಕಾಗಬಹುದು. ಇದನ್ನು ನಿರ್ಧರಿಸಬೇಕಾದದ್ದು ವಾಹನದೊಂದಿಗೆ ಬಂದ ಕೈಪಿಡಿ. ನೆರೆಯವರ ಅನುಭವವಾಗಲೀ ಜಾಹೀರಾತಾಗಲೀ ಅಲ್ಲ. ದುಬಾರಿ ಸಿಂಥೆಟಿಕ್ ಆಯಿಲ್ ಹೆಚ್ಚು ಶಾಖ ತಾಳಿಕೊಳ್ಳುವುದು ನಿಜವಾದರೂ ತಪ್ಪು ದರ್ಜೆಯನ್ನು ಅದು ಸರಿಪಡಿಸಲಾರದು. ಹಾಗೆಯೇ, ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದಲ್ಲ. ಮಸಿಯನ್ನು ತನ್ನೊಳಗೆ ಹಿಡಿದಿಡುವುದು ಅದರ ಕೆಲಸವೇ ಆಗಿದೆ. ಬದಲಾವಣೆಗೆ ಕೈಪಿಡಿ ಹೇಳುವ ಕಿಲೋಮೀಟರ್ ಅಥವಾ ತಿಂಗಳು, ಯಾವುದು ಮೊದಲೋ ಅದೇ ಪ್ರಮಾಣ. ದೂಳು, ದಟ್ಟಣೆಗಳಲ್ಲಿ ದಿನವಿಡೀ ಓಡುವ ಗಾಡಿಗೆ ಇನ್ನೂ ಬೇಗ ಬೇಕಾದೀತು.

ಇಷ್ಟೆಲ್ಲ ತಿಳಿದುಕೊಳ್ಳುವ ಹೊಣೆಯನ್ನು ಸವಾರನ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ. ಸರಕಿನ ಗುಣಮಟ್ಟ, ಶುದ್ಧತೆ, ಮಾನಕಗಳ ಮಾಹಿತಿ ಪಡೆಯುವುದು ಗ್ರಾಹಕನ ಹಕ್ಕು ಎಂದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಸಾರುತ್ತದೆ. ಆದರೆ ಪೊಟ್ಟಣದ ಸರಕುಗಳ ಕುರಿತ 2011ರ ನಿಯಮಗಳ ಪ್ರಕಾರ ಕಡ್ಡಾಯ ವಿವರಗಳು ಹಿಂದಿ ಅಥವಾ ಇಂಗ್ಲಿಷಿನಲ್ಲಿದ್ದರೆ ಸಾಕು. ಇತರ ಭಾಷೆಗಳಿಗೆ ಅವಕಾಶವಿದೆ, ಕಡ್ಡಾಯವಿಲ್ಲ. ಸಣ್ಣ ಅಕ್ಷರದ ಇಂಗ್ಲಿಷ್ ಸಂಕೇತಗಳನ್ನು ಓದಲಾಗದ ಸರಕು ವಿತರಕನಿಗೆ, ಹಾಲು ಮಾರುವ ರೈತನಿಗೆ ಈ ಹಕ್ಕು ಕಾಗದದ ಮೇಲಷ್ಟೇ ಉಳಿದಿದೆ. ಬೈಕ್ ಕೆಟ್ಟು ನಿಂತರೆ ಆ ದಿನದ ದುಡಿಮೆಯೇ ನಿಲ್ಲುವುದು ಇಂಥವರದೇ. ‘ಬೈಕಿಗೆ’, ‘ಗಿಯರ್‌ರಹಿತ ಸ್ಕೂಟರಿಗೆ’ ಎಂದು ಡಬ್ಬಿಯ ಮುಂಭಾಗದಲ್ಲಿ ಕನ್ನಡದಲ್ಲಿ ಮುದ್ರಿಸುವುದು ಕಂಪನಿಗಳಿಗೆ ಹೊರೆಯೇನಲ್ಲ. ಕೈಪಿಡಿಯೂ ರಾಜ್ಯದ ಭಾಷೆಯಲ್ಲಿ ಸಿಗುವಂತಾಗಬೇಕು.

ಗ್ಯಾರೇಜುಗಳ ವ್ಯವಹಾರದಲ್ಲೂ ಪಾರದರ್ಶಕತೆ ಬೇಕು. ಹಾಕಿದ ಆಯಿಲ್‌ನ ಹೆಸರು, ದರ್ಜೆ, ಪ್ರಮಾಣಗಳನ್ನು ಬಿಲ್ಲಿನಲ್ಲಿ ನಮೂದಿಸುವುದು ರೂಢಿಯಾಗಲಿ. ಡಬ್ಬಿಯ ಮೊಹರನ್ನು ಗ್ರಾಹಕನ ಎದುರಿನಲ್ಲೇ ಒಡೆಯಲಿ. ಬರಿದಾದ ಡಬ್ಬಿಯಲ್ಲಿ ನಕಲಿ ಆಯಿಲ್ ತುಂಬಿ ಮತ್ತೆ ಮಾರುವವರಿಗೆ ಅವಕಾಶ ಸಿಗದಂತೆ ಅದನ್ನು ಅಲ್ಲೇ ಕತ್ತರಿಸಿಬಿಡುವುದು ಒಳಿತು. ತೆಗೆದ ಹಳೆಯ ಎಣ್ಣೆ ಎಲ್ಲಿ ಹೋಗುತ್ತದೆ ಎಂಬುದೂ ಮುಖ್ಯ. ಬಳಸಿದ ಎಣ್ಣೆಯ ಮರುಸಂಸ್ಕರಣೆಗೆ ಉತ್ಪಾದಕರನ್ನೇ ಹೊಣೆಯಾಗಿಸುವ ಕೇಂದ್ರದ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ರಸ್ತೆಬದಿಯ ಗ್ಯಾರೇಜುಗಳಿಂದಲೂ ಈ ಎಣ್ಣೆಯನ್ನು ಕ್ರಮಬದ್ಧವಾಗಿ ಸಂಗ್ರಹಿಸದಿದ್ದರೆ ಅದು ಚರಂಡಿಯ ಮೂಲಕ ಕೆರೆ ಸೇರುವುದು ತಪ್ಪದು.

ಕಾನೂನು ಬದಲಾಗುವವರೆಗೆ ಸವಾರ ಕಾಯಬೇಕಿಲ್ಲ. ಮುಂದಿನ ಸರ್ವಿಸ್‌ಗೆ ಹೊರಡುವ ಮುನ್ನ ಕೈಪಿಡಿಯ ಆ ಒಂದು ಪುಟ ತೆರೆದು, ಅಂಕಿ ಮತ್ತು ಜಾಸೊ ದರ್ಜೆಯನ್ನು ಚೀಟಿಯಲ್ಲಿ ಬರೆದು ಮೆಕ್ಯಾನಿಕ್‌ನ ಕೈಗಿಡಲಿ. ‘ಯಾವ ಆಯಿಲ್?’ ಎಂಬ ಪ್ರಶ್ನೆಯನ್ನು ಗ್ರಾಹಕರು ನಿತ್ಯ ಕೇಳತೊಡಗಿದರೆ ಮಾರುಕಟ್ಟೆಯೂ ಸರ್ಕಾರವೂ ಉತ್ತರಿಸಲೇಬೇಕಾಗುತ್ತದೆ.